ಇ-ರೀಡರಿನ ಬ್ಯಾಟರಿ ಬೇಗ ಇಳಿಯುತ್ತಿದೆಯೆ? ಕಾರಣಗಳು ಮತ್ತು ಹತೋಟಿ ಕ್ರಮಗಳು

ರಾತ್ರಿ ವೇಳೆ ತ್ರೀ ಫೇಸ್ ಕರೆಂಟಿಗಾಗಿ ಪಂಪ್‌ಹೌಸಿನಲ್ಲಿ ಕಾದು ಕೂರುವ ರೈತರ ಕೈಯಲ್ಲಿ ಮೊಬೈಲ್ ಫೋನ್ ಇರುವುದು ಈಗ ಸಾಮಾನ್ಯ. ಇತ್ತೀಚೆಗೆ ಕೆಲವರ ಕೈಯಲ್ಲಿ ಇ-ರೀಡರ್ ಎಂಬ ಉಪಕರಣವೂ ಕಾಣಿಸುತ್ತಿದೆ. ಸ್ಲೇಟಿನಷ್ಟು ತೆಳುವಾದ, ಕಾಗದದಂತೆ ಕಾಣುವ ಪರದೆಯುಳ್ಳ ಈ ಉಪಕರಣದಲ್ಲಿ ನೂರಾರು ಪುಸ್ತಕಗಳನ್ನೂ ಕೃಷಿ ಕೈಪಿಡಿಗಳನ್ನೂ ಇಟ್ಟುಕೊಂಡು ಓದಬಹುದು. ಕಣ್ಣಿಗೆ ಆಯಾಸ ಕಡಿಮೆ. ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುತ್ತದೆ ಎಂಬುದು ಇದರ ಮುಖ್ಯ ಅನುಕೂಲ. ಆ ಅನುಕೂಲವೇ ಕೈಕೊಟ್ಟಾಗ ಏನು ಮಾಡಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಳೆದ ಬೇಸಿಗೆಯಲ್ಲಿ ತರಬೇತಿಗೆ ಬಂದಿದ್ದ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರೊಬ್ಬರು ಊಟದ ವೇಳೆಯಲ್ಲಿ ತಮ್ಮ ಚೀಲದಿಂದ ಇ-ರೀಡರ್ ತೆಗೆದು ನನ್ನ ಮುಂದಿಟ್ಟರು. “ಸರ, ಮೊದಲ ಹದಿನೈದು ದಿನ ಬರತಿತ್ತರಿ. ಈಗ ಎರಡ ದಿನಕ್ಕ ಖಾಲಿ ಆಗತೈತಿ” ಎಂದರು. ಉಪಕರಣಕ್ಕೆ ನಾಲ್ಕು ವರ್ಷವಾಗಿತ್ತು. ಪಟ್ಟಣದ ಅಂಗಡಿಯೊಂದರಲ್ಲಿ ಬ್ಯಾಟರಿ ಸತ್ತಿದೆ ಎಂದಿದ್ದರಂತೆ. ಇನ್ನೊಂದು ಅಂಗಡಿಯಲ್ಲಿ ಒಳಗಿನದೆಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿಕೊಡುವುದಾಗಿ ಹೇಳಿದ್ದರಂತೆ. ಇವರು ಅದಕ್ಕೆ ಹಿಂದೆಮುಂದೆ ನೋಡುತ್ತಿದ್ದರು. ಏಕೆಂದರೆ ಏಪ್ರಿಲ್ ಮತ್ತು ಅಕ್ಟೋಬರ್ ಚಾಟನಿಗಳ ನಂತರ ಯಾವ ದಿನ ಯಾವ ಔಷಧಿ ಸಿಂಪಡಿಸಿದರು, ಬೂಜು ರೋಗ ಯಾವಾಗ ಕಾಣಿಸಿತು ಎಂಬುದನ್ನೆಲ್ಲ ಕೈಪಿಡಿಯ ಆಯಾ ಪುಟದಲ್ಲೇ ಟಿಪ್ಪಣಿಯಾಗಿ ಬರೆದಿಟ್ಟಿದ್ದರು. ನಾಲ್ಕು ವರ್ಷದ ತೋಟದ ದಾಖಲೆ ಅದರೊಳಗಿತ್ತು.

ನಾನು ಬೇಸಾಯಶಾಸ್ತ್ರದವನು, ವಿದ್ಯುನ್ಮಾನ ಎಂಜಿನಿಯರ್ ಅಲ್ಲ. ಆದರೆ ಒಂದು ಲಕ್ಷಣಕ್ಕೆ ಹಲವು ಕಾರಣಗಳಿರುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವುದು ನಮ್ಮ ಪ್ರಯೋಗ ತಾಕಿನ ಪದ್ಧತಿ. ಎಲೆ ಹಳದಿಯಾದ ಕೂಡಲೆ ಸಾರಜನಕದ ಕೊರತೆಯೆಂದು ಯೂರಿಯ ಹಾಕುವುದು ಹೇಗೆ ಸರಿಯಲ್ಲವೋ, ಚಾರ್ಜು ಇಳಿದ ಕೂಡಲೆ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವುದೂ ಸರಿಯಲ್ಲ. ಅದೇ ಪದ್ಧತಿಯನ್ನು ಈ ಉಪಕರಣಕ್ಕೂ ಅನ್ವಯಿಸಿ ನೋಡಿದೆವು.

ಇ-ರೀಡರ್ ವಿದ್ಯುತ್ತನ್ನು ಬಳಸುವ ರೀತಿ

ಮೊಬೈಲ್ ಫೋನಿನ ಪರದೆಯು ಬೆಳಗುತ್ತಿರುವಷ್ಟು ಹೊತ್ತೂ ವಿದ್ಯುತ್ತನ್ನು ತಿನ್ನುತ್ತದೆ. ಇ-ರೀಡರಿನ ಪರದೆ ಹಾಗಲ್ಲ. ಅದರಲ್ಲಿ ಕೂದಲೆಳೆಯ ದಪ್ಪದ ಅಸಂಖ್ಯಾತ ಗುಳಿಗೆಗಳಿರುತ್ತವೆ. ಪ್ರತಿಯೊಂದು ಗುಳಿಗೆಯೊಳಗಿನ ದ್ರವದಲ್ಲಿ ಬಿಳಿಯ ಹಾಗೂ ಕಪ್ಪು ಬಣ್ಣದ ಕಣಗಳಿದ್ದು, ಒಂದು ಬಗೆಯವು ಧನ ವಿದ್ಯುದಂಶವನ್ನೂ ಇನ್ನೊಂದು ಬಗೆಯವು ಋಣ ವಿದ್ಯುದಂಶವನ್ನೂ ಹೊಂದಿರುತ್ತವೆ. ಕ್ಷಣಕಾಲ ವಿದ್ಯುತ್ ಹಾಯಿಸಿದಾಗ ಬೇಕಾದ ಕಣಗಳು ಮೇಲೆ ಬಂದು ಅಕ್ಷರ ಮೂಡುತ್ತದೆ. ಆ ಬಳಿಕ ವಿದ್ಯುತ್ ನಿಂತರೂ ಕಣಗಳು ಇದ್ದಲ್ಲೇ ಇರುತ್ತವೆ. ಅಂದರೆ ಪುಟ ಬದಲಾಗುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು, ಪುಟವನ್ನು ಹಿಡಿದಿಡಲು ಬೇಡ.

ಈ ಬಗೆಯ ಪರದೆಯನ್ನು ಬೆಳೆಸಿದ ಇ-ಇಂಕ್ ಸಂಸ್ಥೆಯು ಅಮೆರಿಕದಲ್ಲಿ 1997ರಲ್ಲಿ ಸ್ಥಾಪನೆಯಾಯಿತು. 2004ರಲ್ಲಿ ಜಪಾನಿನ ಸೋನಿ ಕಂಪನಿಯ ಲಿಬ್ರಿಯೆ ಎಂಬ ಉಪಕರಣವೂ, 2007ರಲ್ಲಿ ಅಮೆಝಾನ್ ಕಂಪನಿಯ ಕಿಂಡಲ್ ಕೂಡ ಇದೇ ಪರದೆಯೊಂದಿಗೆ ಮಾರುಕಟ್ಟೆಗೆ ಬಂದವು. ಭಾರತದ ಅಂಗಡಿಗಳಿಗೆ ಕಿಂಡಲ್ ಬಂದದ್ದು 2012ರಲ್ಲಿ.

ಪರದೆಯು ಇಷ್ಟು ಮಿತವ್ಯಯಿ ಆಗಿರುವುದರಿಂದ ವಿದ್ಯುತ್ತು ಹೆಚ್ಚಾಗಿ ಖರ್ಚಾಗುವುದು ಬೇರೆ ಮೂರು ಕಡೆ: ಪರದೆಯ ಅಂಚಿನ ಬೆಳಕು, ವೈ-ಫೈ ಸಂಪರ್ಕ ಮತ್ತು ಒಳಗಿನ ಗಣಕ ಭಾಗದ ಕೆಲಸ. ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಇಲ್ಲಿಯೇ.

“ಆರು ವಾರ” ಎಂಬ ಮಾತಿನ ಲೆಕ್ಕ

ದೋಷ ಹುಡುಕುವ ಮೊದಲು, ದೋಷ ನಿಜವಾಗಿ ಇದೆಯೇ ಎಂದು ನೋಡತಕ್ಕದ್ದು. 2022ರ ಸಾಮಾನ್ಯ ಕಿಂಡಲ್ ಮಾದರಿಗೆ ಒಮ್ಮೆ ಚಾರ್ಜು ಮಾಡಿದರೆ ಆರು ವಾರದವರೆಗೆ ಬರುವುದೆಂದು ಕಂಪನಿಯು ತಿಳಿಸಿದೆ. ಆದರೆ ಅದಕ್ಕೆ ಮೂರು ಷರತ್ತುಗಳಿವೆ: ದಿನಕ್ಕೆ ಅರ್ಧ ಗಂಟೆ ಓದು, ನಿಸ್ತಂತು ಸಂಪರ್ಕ ಬಂದ್ ಮತ್ತು ಬೆಳಕು 13ನೇ ಹಂತದಲ್ಲಿ. ಆರು ವಾರವೆಂದರೆ 42 ದಿನ. ದಿನಕ್ಕೆ ಅರ್ಧ ಗಂಟೆಯಂತೆ ಒಟ್ಟು 21 ಗಂಟೆಯ ಓದು. ಅದೇ ಉಪಕರಣದಲ್ಲಿ ದಿನಕ್ಕೆ 3 ಗಂಟೆ ಓದಿದರೆ 7 ದಿನಕ್ಕೆ ಬ್ಯಾಟರಿ ಮುಗಿಯುತ್ತದೆ. ಇದು ದೋಷವಲ್ಲ, ಬಳಕೆ. ಆದುದರಿಂದ ಬ್ಯಾಟರಿಯನ್ನು ವಾರಗಳಲ್ಲಿ ಅಳೆಯದೆ ಓದಿನ ಗಂಟೆಗಳಲ್ಲಿ ಅಳೆಯುವುದು ಸೂಕ್ತ.

ಓದದೆ ಮುಚ್ಚಿಟ್ಟಾಗಲೂ ಚಾರ್ಜು ಇಳಿಯುತ್ತಿದ್ದರೆ ಅದು ದೋಷದ ಲಕ್ಷಣ. ನಿಸ್ತಂತು ಸಂಪರ್ಕ ಬಂದ್ ಮಾಡಿ ಮುಚ್ಚಿಟ್ಟ ಸುಸ್ಥಿತಿಯ ಇ-ರೀಡರಿನಲ್ಲಿ ದಿನಕ್ಕೆ ಶೇಕಡ 1 ಅಥವಾ 2ರಷ್ಟು ಇಳಿಯುವುದು ಸಹಜ. ಶೇಕಡ 20ರಷ್ಟು ಇಳಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. 1,000 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯಲ್ಲಿ ಶೇಕಡ 20 ಎಂದರೆ 200. ಅದನ್ನು 24 ಗಂಟೆಗೆ ಹಂಚಿದರೆ ಸುಮಾರು 8 ಮಿಲಿಆಂಪಿಯರ್. ಇದು ಬಹಳ ಸಣ್ಣ ಪ್ರವಾಹ. ಆದರೆ ಹನಿ ನೀರಾವರಿಯಲ್ಲಿ ಗಂಟೆಗೆ 4 ಲೀಟರು ಬಿಡುವ ಒಂದೇ ಡ್ರಿಪ್ಪರು ದಿನವಿಡೀ ತೆರೆದಿದ್ದರೆ 96 ಲೀಟರು ಹೋಗುತ್ತದೆಯಲ್ಲವೆ? ಇಲ್ಲಿಯೂ ಹಾಗೆಯೇ. ಸಣ್ಣ ಸೋರಿಕೆ ನಿಲ್ಲದೆ ನಡೆಯುವುದರಿಂದ ನಷ್ಟ ದೊಡ್ಡದಾಗುತ್ತದೆ.

ಸೋರಿಕೆಯ ಮುಖ್ಯ ಕಾರಣಗಳು

1. ಪದಸೂಚಿ ತಯಾರಿಕೆ: ಹೊಸ ಪುಸ್ತಕ ಹಾಕಿದಾಗಲೆಲ್ಲ ಉಪಕರಣವು ಅದರ ಪದಗಳನ್ನು ಓದಿ, ಮುಂದೆ ಹುಡುಕಲು ಅನುಕೂಲವಾಗುವಂತೆ ಒಂದು ಪದಸೂಚಿಯನ್ನು ಮಾಡಿಕೊಳ್ಳುತ್ತದೆ. ದಪ್ಪ ಪುಸ್ತಕಗಳ ಕೊನೆಯಲ್ಲಿ ಇರುವಂಥದ್ದೇ ಇದು. ಈ ಕೆಲಸ ನಮಗೆ ಕಾಣದಂತೆ, ಉಪಕರಣ ಮುಚ್ಚಿದ್ದಾಗಲೂ ನಡೆಯಬಹುದು. ಒಮ್ಮೆಗೇ ಐವತ್ತು ಅರವತ್ತು ಪುಸ್ತಕ ಹಾಕಿದರೆ ಒಂದೆರಡು ದಿನ ಚಾರ್ಜು ಬೇಗ ಇಳಿಯುವುದು ಸಹಜ. ಕೆಲಸ ಮುಗಿದ ಮೇಲೆ ತಾನಾಗಿಯೇ ಸರಿಹೋಗುತ್ತದೆ.

2. ಕೆಟ್ಟ ಕಡತ: ಅರ್ಧಕ್ಕೆ ನಕಲಾದ ಅಥವಾ ಕೆಟ್ಟುಹೋದ ಕಡತವೊಂದಿದ್ದರೆ ಪದಸೂಚಿಯ ಕೆಲಸ ಅಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಉಪಕರಣವು ಅದೇ ಕಡತವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತಲೇ ಇರುತ್ತದೆ. ಇದ್ದಕ್ಕಿದ್ದಂತೆ ಆರಂಭವಾಗಿ ನಿಲ್ಲದೆ ಮುಂದುವರಿಯುವ ಸೋರಿಕೆಗೆ ಇದು ಮುಖ್ಯ ಕಾರಣಗಳಲ್ಲೊಂದು.

3. ವೈ-ಫೈ: ಸಂಪರ್ಕ ಚಾಲೂ ಇದ್ದು ಸಂಕೇತ ದುರ್ಬಲವಾಗಿದ್ದರೆ ಉಪಕರಣವು ಪದೇ ಪದೇ ಸಂಪರ್ಕಕ್ಕೆ ಯತ್ನಿಸುತ್ತದೆ. ಮನೆಯ ವೈ-ಫೈ ತೋಟದ ಅಂಚಿನವರೆಗೆ ಅಷ್ಟಿಷ್ಟು ಬರುವ ಕಡೆ ಇದು ಹೆಚ್ಚು. ಪೂರ್ತಿಯಾಗದ ತಂತ್ರಾಂಶ ನವೀಕರಣವೂ ಇದೇ ಬಗೆಯ ನಷ್ಟವನ್ನುಂಟುಮಾಡಬಹುದು.

4. ಬೆಳಕು: ಓದುವಾಗ ಅತಿ ಹೆಚ್ಚು ಖರ್ಚು ಇದರದ್ದು. ಹಗಲಿನ ಹೊರಬೆಳಕಿನಲ್ಲಿ ಇದು ಬೇಕಾಗಿಲ್ಲ. ಕತ್ತಲಲ್ಲಿ ಕಡಿಮೆ ಬೆಳಕೇ ಕಣ್ಣಿಗೆ ಹಿತ. ಆದರೆ ಮಧ್ಯಾಹ್ನ ಹೆಚ್ಚಿಸಿದ್ದನ್ನು ರಾತ್ರಿ ಹಾಗೆಯೇ ಬಿಡುವುದು ಬಹಳ ಜನರ ರೂಢಿ.

5. ಮುಚ್ಚಳ: ಅನೇಕ ಮುಚ್ಚಳಗಳಲ್ಲಿ ಸಣ್ಣ ಆಯಸ್ಕಾಂತವಿದ್ದು, ಮುಚ್ಚಿದೊಡನೆ ಉಪಕರಣ ನಿದ್ರಿಸುತ್ತದೆ. ಮುಚ್ಚಳ ಸೊಟ್ಟಗಾಗಿದ್ದರೆ ಅಥವಾ ಆಯಸ್ಕಾಂತ ಕಿತ್ತುಬಂದಿದ್ದರೆ ಚೀಲದ ಅಲುಗಾಟಕ್ಕೆ ಉಪಕರಣ ಆಗಾಗ್ಗೆ ಎಚ್ಚರಗೊಳ್ಳುತ್ತದೆ.

6. ಚಿತ್ರರೂಪದ ದೊಡ್ಡ ಕಡತಗಳು: ಹಳೆಯ ಕೈಪಿಡಿಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಕಡತಗಳಲ್ಲಿ ಪ್ರತಿ ಪುಟವೂ ಒಂದು ಚಿತ್ರ. ಹಿಗ್ಗಿಸಿ, ಸರಿಸಿ ಓದುವಾಗ ಪ್ರತಿ ಸಲವೂ ಪರದೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಆದುದರಿಂದ ಖರ್ಚು ಹೆಚ್ಚು.

7. ಅಪೂರ್ಣ ಚಾರ್ಜು: ಸವೆದ ತಂತಿ, ಧೂಳು ತುಂಬಿದ ಚಾರ್ಜಿಂಗ್ ರಂಧ್ರ ಇವುಗಳಿಂದ ಬ್ಯಾಟರಿ ತುಂಬಿರುವುದೇ ಇಲ್ಲ. ತುಂಬದ ತೊಟ್ಟಿ ಬೇಗ ಖಾಲಿಯಾದರೆ ಅದು ಸೋರಿಕೆಯಲ್ಲ.

8. ಬ್ಯಾಟರಿಯ ವಯಸ್ಸು: ಈ ಉಪಕರಣಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಖಾಲಿಯಾಗಿ ತುಂಬಿದ ನಂತರ ಇದರ ಸಾಮರ್ಥ್ಯ ಹೊಸದರ ಶೇಕಡ 80ರ ಆಸುಪಾಸಿಗೆ ಇಳಿಯುತ್ತದೆ. ಈ ಇಳಿಕೆ ನಿಧಾನವಾಗಿ ಆಗುವಂಥದ್ದು. ಹದಿನೈದು ದಿನ ಬರುತ್ತಿದ್ದುದು ಒಂದೇ ತಿಂಗಳಲ್ಲಿ ಎರಡು ದಿನಕ್ಕೆ ಇಳಿದರೆ ವಯಸ್ಸನ್ನು ದೂರುವ ಮೊದಲು ಮೇಲಿನ ಕಾರಣಗಳನ್ನು ನೋಡಬೇಕು.

ಮೂರು ರಾತ್ರಿಯ ಪರೀಕ್ಷೆ

ಇದಕ್ಕೆ ಬೇಕಾದದ್ದು ಒಂದು ಕಾಗದ, ಒಂದು ಪೆನ್ನು. ಸಂಜೆ 8 ಗಂಟೆಗೆ ಪರದೆಯ ಮೇಲಿನ ಶೇಕಡಾವಾರು ಬರೆದುಕೊಳ್ಳಬೇಕು. ಬೆಳಿಗ್ಗೆ 8 ಗಂಟೆಗೆ ಮತ್ತೆ ಬರೆದುಕೊಳ್ಳಬೇಕು. ಪರೀಕ್ಷೆಗೆ ಮೊದಲು ಒಮ್ಮೆ ಪೂರ್ತಿ ಚಾರ್ಜು ಮಾಡುವುದು ಅವಶ್ಯಕ. ಬ್ಯಾಟರಿ ತೀರ ಖಾಲಿಯಾಗುವ ಹಂತದಲ್ಲಿ ಶೇಕಡಾವಾರು ಅಂಕಿಗಳು ಅಷ್ಟು ನಂಬಲರ್ಹವಲ್ಲ. ಆದ್ದರಿಂದ ಶೇಕಡ 50ಕ್ಕಿಂತ ಮೇಲಿರುವಾಗಲೇ ಪರೀಕ್ಷೆ ಮಾಡತಕ್ಕದ್ದು.

ಮೊದಲನೆಯ ರಾತ್ರಿ: ಏರ್‌ಪ್ಲೇನ್ ಮೋಡ್ ಹಾಕಿ, ಮುಚ್ಚಿ, ಮುಟ್ಟದೆ ಇಡಬೇಕು. ಇದು ನಮ್ಮ ತುಲನಾ ತಾಕು ಇದ್ದಂತೆ. ಶೇಕಡ 1ರಷ್ಟು ಮಾತ್ರ ಇಳಿದರೆ ಒಳಗೆ ಸೋರಿಕೆಯಿಲ್ಲ. ಶೇಕಡ 5ಕ್ಕಿಂತ ಹೆಚ್ಚು ಇಳಿದರೆ 1, 2 ಅಥವಾ 5ನೇ ಕಾರಣವಿರಬೇಕು.

ಎರಡನೆಯ ರಾತ್ರಿ: ಏರ್‌ಪ್ಲೇನ್ ಮೋಡ್ ತೆಗೆದು ಉಳಿದುದೆಲ್ಲ ಹಾಗೆಯೇ ಇರಲಿ. ಮೊದಲ ರಾತ್ರಿಗಿಂತ ಎಷ್ಟು ಹೆಚ್ಚು ಇಳಿಯಿತೋ ಅಷ್ಟು ವೈ-ಫೈ ಪಾಲು.

ಮೂರನೆಯ ರಾತ್ರಿ: ಏರ್‌ಪ್ಲೇನ್ ಮೋಡ್ ಮತ್ತೆ ಹಾಕಿ, ನಿಮ್ಮ ರೂಢಿಯ ಬೆಳಕಿನಲ್ಲಿ ಸರಿಯಾಗಿ ಎರಡು ಗಂಟೆ ಓದಬೇಕು. ಓದುವ ಮೊದಲು ಮತ್ತು ಓದಿದ ನಂತರದ ಅಂಕಿಗಳ ವ್ಯತ್ಯಾಸವೇ ಓದಿನ ಖರ್ಚು.

ಮೂರನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಎಷ್ಟು ಎಂಬುದು ತಿಳಿಯುವುದಿಲ್ಲ. ಗೊಬ್ಬರ, ತಳಿ, ನೀರು ಮೂರನ್ನೂ ಒಂದೇ ವರ್ಷ ಬದಲಿಸಿ ಇಳುವರಿ ಹೆಚ್ಚಿದ್ದಕ್ಕೆ ಕಾರಣ ಹುಡುಕಿದಂತಾಗುತ್ತದೆ.

ಪರೀಕ್ಷೆಯಲ್ಲಿ ಕಂಡದ್ದು

ಆ ಬೆಳೆಗಾರರು ಊರಿಗೆ ಹೋಗಿ ಈ ಪರೀಕ್ಷೆ ಮಾಡಿ ಅಂಕಿಗಳನ್ನು ಫೋನಿನಲ್ಲಿ ತಿಳಿಸಿದರು. ಮೊದಲ ರಾತ್ರಿಯೇ 92ರಿಂದ 81ಕ್ಕೆ, ಅಂದರೆ ಶೇಕಡ 11ರಷ್ಟು ಇಳಿದಿತ್ತು. ಎರಡನೆಯ ರಾತ್ರಿ ಶೇಕಡ 12. ಆದುದರಿಂದ ವೈ-ಫೈ ಮುಖ್ಯ ಕಾರಣವಲ್ಲ ಎಂದಾಯಿತು. ಮೂರನೆಯ ರಾತ್ರಿ ಬೆಳಕನ್ನು ಪೂರ್ತಿ ಇಟ್ಟುಕೊಂಡು ಎರಡು ಗಂಟೆ ಓದಿದ್ದಕ್ಕೆ ಶೇಕಡ 20 ಇಳಿಯಿತು. ದಿನದ ಲೆಕ್ಕದಲ್ಲಿ ಸುಮ್ಮನಿದ್ದಾಗಿನ ನಷ್ಟ 22, ಓದಿನ ಖರ್ಚು ಸುಮಾರು 20, ಒಟ್ಟು ಶೇಕಡ 42. ಎರಡೂವರೆ ದಿನದೊಳಗೆ ಖಾಲಿಯಾಗುವುದಕ್ಕೆ ಲೆಕ್ಕ ಸರಿಹೊಂದಿತು.

ಇನ್ನು ಕೆಟ್ಟ ಕಡತವನ್ನು ಹುಡುಕಬೇಕಾಗಿತ್ತು. ಕೆಲವು ಮಾದರಿಗಳಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ. ಹುಡುಕುವ ಜಾಗದಲ್ಲಿ ಯಾವ ಪುಸ್ತಕದಲ್ಲೂ ಇರಲಾರದ ಅರ್ಥವಿಲ್ಲದ ಅಕ್ಷರಗಳನ್ನು ಒತ್ತಿದರೆ, ಪದಸೂಚಿ ಇನ್ನೂ ಆಗದ ಪುಸ್ತಕಗಳ ಪಟ್ಟಿ ಕಾಣಿಸುತ್ತದೆ. ಪಟ್ಟಿ ಉದ್ದವಾಗಿದ್ದರೆ ಉಪಕರಣವನ್ನು ಎರಡು ದಿನ ಚಾರ್ಜಿಗೆ ಹಾಕಿ ಕೆಲಸ ಮುಗಿಸಲು ಬಿಡಬೇಕು. ಆ ನಂತರವೂ ಒಂದೇ ಹೆಸರು ಉಳಿದರೆ ಅದೇ ಕೆಟ್ಟ ಕಡತ. ಇವರ ಉಪಕರಣದಲ್ಲಿ ಉಳಿದದ್ದು ಸ್ಕ್ಯಾನ್ ಮಾಡಿದ ಒಂದು ಕೈಪಿಡಿ. ಅದನ್ನು ನಕಲು ಮಾಡುವಾಗ ಕರೆಂಟು ಹೋಗಿ ಕಂಪ್ಯೂಟರು ನಿಂತಿತ್ತೆಂದು ಆಗ ಅವರಿಗೆ ನೆನಪಾಯಿತು.

ಈ ಪಟ್ಟಿ ಕಾಣಿಸದ ಮಾದರಿಗಳಲ್ಲಿ ಅರ್ಧ ಭಾಗ ಮಾಡುವ ಕ್ರಮವನ್ನು ಅನುಸರಿಸಬಹುದು. ಕಡತಗಳಲ್ಲಿ ಅರ್ಧವನ್ನು ಕಂಪ್ಯೂಟರಿಗೆ ತೆಗೆದಿಟ್ಟು ಒಂದು ರಾತ್ರಿ ನೋಡಬೇಕು. ಸೋರಿಕೆ ನಿಂತರೆ ದೋಷ ತೆಗೆದ ಅರ್ಧದಲ್ಲಿದೆ. ನಿಲ್ಲದಿದ್ದರೆ ಉಳಿದ ಅರ್ಧದಲ್ಲಿದೆ. ಹೀಗೆ ಮಾಡುತ್ತ ಹೋದರೆ 64 ಕಡತಗಳಿದ್ದರೂ ಆರೇ ರಾತ್ರಿಗಳಲ್ಲಿ ದೋಷದ ಕಡತ ಸಿಕ್ಕುತ್ತದೆ. ಪ್ರತಿ ಸಲ ಕಡತ ತೆಗೆದ ಮೇಲೆ ಉಪಕರಣವನ್ನು ರೀಸ್ಟಾರ್ಟ್ ಮಾಡಲು ಮರೆಯಬಾರದು. ಕಿಂಡಲ್ ಮಾದರಿಗಳಲ್ಲಿ ಪವರ್ ಗುಂಡಿಯನ್ನು ಸುಮಾರು 40 ಸೆಕೆಂಡು ಒತ್ತಿ ಹಿಡಿಯಬೇಕು. ಇದರಿಂದ ಪುಸ್ತಕಗಳಾಗಲಿ ಟಿಪ್ಪಣಿಗಳಾಗಲಿ ಅಳಿಯುವುದಿಲ್ಲ.

ಕೆಟ್ಟ ಕಡತ ತೆಗೆದು ರೀಸ್ಟಾರ್ಟ್ ಮಾಡಿದ ರಾತ್ರಿ ಇಳಿದದ್ದು ಶೇಕಡ 1. ಬೆಳಕನ್ನು 10ನೇ ಹಂತಕ್ಕೆ ತಂದ ಮೇಲೆ ಎರಡು ಗಂಟೆಯ ಓದಿಗೆ ಶೇಕಡ 10 ಸಾಕಾಯಿತು. ಈಗ ಅವರಿಗೆ ಒಂದು ಚಾರ್ಜಿಗೆ ಎಂಟು ದಿನ ಬರುತ್ತಿದೆ.

“ಮತ್ತ ಹದಿನೈದು ದಿನ ಯಾಕ ಬರವಲ್ದು?” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ವಿಚಾರಿಸಿದಾಗ ಹಿಂದೆ ದಿನಕ್ಕೆ ಒಂದು ಗಂಟೆ ಓದುತ್ತಿದ್ದವರು, ಕರೆಂಟು ರಾತ್ರಿ ಪಾಳಿಗೆ ಬಂದ ಮೇಲೆ ಎರಡು ಗಂಟೆ ಓದುತ್ತಿದ್ದಾರೆಂದು ತಿಳಿಯಿತು. ಉಳಿದ ಕೊರತೆ ನಾಲ್ಕು ವರ್ಷದ ಬ್ಯಾಟರಿಯ ವಯಸ್ಸಿನದು. ಅದನ್ನು ಯಾವ ಉಪಾಯದಿಂದಲೂ ಹಿಂದಕ್ಕೆ ತರಲಾಗುವುದಿಲ್ಲ. ಆದರೆ ಬ್ಯಾಟರಿ ಸತ್ತಿರಲಿಲ್ಲ, ಟಿಪ್ಪಣಿಗಳೂ ಉಳಿದವು.

ಎಲ್ಲವನ್ನೂ ಅಳಿಸುವ ಮೊದಲು

ಉಪಕರಣವನ್ನು ಹೊಸದರಂತೆ ಮಾಡುವ ಫ್ಯಾಕ್ಟರಿ ರೀಸೆಟ್ ಕ್ರಮವು ಕೊನೆಯ ಅಸ್ತ್ರವಾಗಿರಬೇಕು. ಇದರಿಂದ ನೀವು ಹಾಕಿಕೊಂಡ ಕಡತಗಳೆಲ್ಲ ಅಳಿದುಹೋಗುತ್ತವೆ. ಅಂಗಡಿಯಿಂದ ಕೊಂಡ ಪುಸ್ತಕಗಳನ್ನು ಮತ್ತೆ ಪಡೆಯಬಹುದು. ಆದರೆ ತಂತಿಯ ಮೂಲಕ ಹಾಕಿಕೊಂಡ ಕೈಪಿಡಿಗಳ ಮೇಲೆ ಬರೆದ ಟಿಪ್ಪಣಿಗಳು ಸಾಮಾನ್ಯವಾಗಿ ಉಪಕರಣದಲ್ಲಿ ಮಾತ್ರ ಇರುತ್ತವೆ. ಕಿಂಡಲ್‌ನಲ್ಲಿ ಇವೆಲ್ಲ “ಮೈ ಕ್ಲಿಪ್ಪಿಂಗ್ಸ್” ಎಂಬ ಒಂದೇ ಕಡತದಲ್ಲಿ ಶೇಖರವಾಗುತ್ತವೆ. ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಆ ಕಡತವನ್ನು ನಕಲು ಮಾಡಿಕೊಳ್ಳಲು ಐದು ನಿಮಿಷ ಸಾಕು. ದೋಷ ಇರಲಿ ಇಲ್ಲದಿರಲಿ, ಪ್ರತಿ ಹಂಗಾಮಿನ ಕೊನೆಯಲ್ಲಿ ಹೀಗೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸಿಂಪರಣೆಯ ತಾರೀಖುಗಳನ್ನು ಒಂದು ನೋಟ್‌ಪುಸ್ತಕದಲ್ಲಿಯೂ ಬರೆದಿಡುವುದು ಇನ್ನೂ ಒಳ್ಳೆಯದು.

ಬ್ಯಾಟರಿಯ ಪಾಲನೆ

* ಶಾಖವು ಲಿಥಿಯಂ ಬ್ಯಾಟರಿಯ ದೊಡ್ಡ ಶತ್ರು. ಕಿಂಡಲ್ ಉಪಕರಣಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣಾಂಶದಲ್ಲಿ ಬಳಸಲು ಹೇಳಲಾಗಿದೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಟ್ರ್ಯಾಕ್ಟರಿನ ಮೇಲೆ, ಬೈಕಿನ ಡಬ್ಬಿಯಲ್ಲಿ, ತಗಡಿನ ಸೂರಿನ ಕೆಳಗೆ ಬಿಡಬಾರದು.

* ಪೂರ್ತಿ ಖಾಲಿಯಾಗುವವರೆಗೆ ಕಾಯದೆ ಶೇಕಡ 20ರ ಸುಮಾರಿಗೆ ಚಾರ್ಜಿಗೆ ಹಾಕಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಕಡೆ ಇಟ್ಟು, ಎರಡು ತಿಂಗಳಿಗೊಮ್ಮೆ ನೋಡಬೇಕು.

* 5 ವೋಲ್ಟ್, 1 ಆಂಪಿಯರ್‌ನ ಸಾಮಾನ್ಯ ಚಾರ್ಜರ್ ಸಾಕು. ವೋಲ್ಟೇಜ್ ಏರಿಳಿತ ಹೆಚ್ಚಿರುವ ಪಂಪ್‌ಹೌಸಿನ ಸಾಲಿಗೆ ಹಾಕದೆ ಮನೆಯಲ್ಲೇ ಚಾರ್ಜು ಮಾಡುವುದು ಕ್ಷೇಮ.

* ಸದಾ ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ವಾರಕ್ಕೊಮ್ಮೆ ಚಾರ್ಜಿಗೆ ಹಾಕಿದಾಗ ಮಾತ್ರ ಅರ್ಧ ಗಂಟೆ ವೈ-ಫೈ ಕೊಟ್ಟರೆ ನವೀಕರಣಗಳು ಪೂರ್ತಿಯಾಗುತ್ತವೆ.

* ಹೊಸ ಪುಸ್ತಕಗಳನ್ನು ಐದು ಹತ್ತರಂತೆ ಹಾಕಬೇಕು. ನಕಲು ಮುಗಿಯುವ ಮೊದಲು ತಂತಿ ಕೀಳಬಾರದು.

* ಔಷಧಿ ಸಿಂಪಡಿಸಿದ ಕೈಯಲ್ಲಿ ಉಪಕರಣವನ್ನು ಮುಟ್ಟಬಾರದು. ಇದು ಉಪಕರಣಕ್ಕಿಂತ ನಿಮ್ಮ ಆರೋಗ್ಯದ ದೃಷ್ಟಿಯಿಂದ ಮುಖ್ಯ.

ಎಚ್ಚರಿಕೆ

ಉಪಕರಣದ ಬೆನ್ನು ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ ಅಥವಾ ಸುಮ್ಮನಿದ್ದಾಗಲೂ ಕೈಗೆ ಬಿಸಿ ತಗಲಿದರೆ ಕೂಡಲೆ ಬಳಕೆ ನಿಲ್ಲಿಸಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಅಥವಾ ಚಾರ್ಜಿಗೆ ಹಾಕುವುದು ಅಪಾಯಕರ. ಬೆಂಕಿ ಹೊತ್ತಿಕೊಳ್ಳಬಹುದು. ಇಂಥ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು. ನಮ್ಮ ಗೊಬ್ಬರವಾಗುವುದು ಆ ತಿಪ್ಪೆಯೇ ಎಂಬುದನ್ನು ಮರೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಹಾಗೂ ಮರುಬಳಕೆಯ ಹೊಣೆ ತಯಾರಕರದ್ದು. ಅವರ ಸೇವಾ ಕೇಂದ್ರಕ್ಕೆ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಸಾರಾಂಶ

ಬ್ಯಾಟರಿ ಬೇಗ ಇಳಿದಾಗ ಮೊದಲು ಓದಿನ ಗಂಟೆಗಳ ಲೆಕ್ಕ ಹಾಕಿರಿ. ಟಿಪ್ಪಣಿಗಳನ್ನು ನಕಲು ಮಾಡಿಟ್ಟುಕೊಳ್ಳಿರಿ. ಏರ್‌ಪ್ಲೇನ್ ಮೋಡ್‌ನಲ್ಲಿ ಒಂದು ರಾತ್ರಿ ಮುಚ್ಚಿಟ್ಟು ನೋಡಿರಿ. ಹೆಚ್ಚು ಇಳಿದರೆ ಇತ್ತೀಚೆಗೆ ಹಾಕಿದ ಕಡತಗಳನ್ನೂ ಮುಚ್ಚಳವನ್ನೂ ಪರೀಕ್ಷಿಸಿರಿ. ಇಳಿಯದಿದ್ದರೆ ವೈ-ಫೈ ಮತ್ತು ಬೆಳಕನ್ನು ಪರೀಕ್ಷಿಸಿರಿ. ಚಾರ್ಜರ್ ಮತ್ತು ತಂತಿಯನ್ನೂ ಬದಲಿಸಿ ನೋಡಿರಿ. ಇವೆಲ್ಲ ಸರಿಯಿದ್ದೂ ಚಾರ್ಜು ನಿಲ್ಲದಿದ್ದರೆ ಮಾತ್ರ ಬ್ಯಾಟರಿ ಬದಲಾವಣೆಯ ಖರ್ಚಿಗೆ ಮುಂದಾಗಿರಿ.